ವಿನ್ನಿ ಗಿಲ್ರೇನ್ ನೋಡದ ಮೆರವಣಿಗೆ

ವರ್ಷದ ಉಳಿದ ದಿನಗಳಲ್ಲಿ ಪೊಲೀಸರನ್ನು ಕಂಡರೆ ರಸ್ತೆ ದಾಟಿ ಆಚೆ ಬದಿಗೆ ಹೋಗಿಬಿಡುತ್ತಿದ್ದ ಮ್ಯಾಲಕಿ ಗಿಲ್ರೇನ್, ಐರಿಷರ ದೊಡ್ಡ ಹಬ್ಬವಾದ ಮಾರ್ಚ್ ಹದಿನೇಳರಂದು ಮಾತ್ರ ಅದೇ ಪೊಲೀಸರು ತೆರವು ಮಾಡಿಕೊಟ್ಟ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂ ರಸ್ತೆಯ ನಟ್ಟನಡುವೆ, ಮೆರವಣಿಗೆಯಲ್ಲಿ, ತಲೆಯೆತ್ತಿ ನಡೆಯುತ್ತಿದ್ದ. ಅವನ ಹುಟ್ಟುಜಿಲ್ಲೆಯಾದ ಲೀಟ್ರಿಮ್ ಕೌಂಟಿಯವರ ಬಾವುಟ ಬಲು ದೊಡ್ಡದು. ಎರಡು ಕಡೆ ಇಬ್ಬರು ಕೋಲು ಹಿಡಿದರೂ ಪಾರ್ಕಿನ ಕಡೆಯಿಂದ ಗಾಳಿ ನುಗ್ಗಿತೆಂದರೆ ಹಾಯಿಯ ಹಾಗೆ ಉಬ್ಬಿ ಆಳನ್ನೇ ಎಳೆದುಕೊಂಡು ಹೋಗುತ್ತದೆ. ಎಡಗಡೆಯ ಕೋಲು ಹತ್ತೊಂಬತ್ತು ವರ್ಷದಿಂದ ಮ್ಯಾಲಕಿಯದು. ಐರ್ಲೆಂಡಿನಲ್ಲೆಲ್ಲ ಲೀಟ್ರಿಮ್‌ನಷ್ಟು ಕಡಿಮೆ ಜನರಿರುವ ಕೌಂಟಿ ಇನ್ನೊಂದಿಲ್ಲ. ಪಕ್ಕದಲ್ಲಿ ನಿಲ್ಲುವ ಮೇಯೋ ಕೌಂಟಿಯವರು, ಊರಲ್ಲಿ ದನ ಕಾಯೋಕೆ ಯಾರನ್ನಾದರೂ ಬಿಟ್ಟು ಬಂದಿದ್ದೀರಾ ಇಲ್ಲವಾ ಎಂದು ಪ್ರತಿವರ್ಷ ಕೆಣಕುತ್ತಿದ್ದರು. ದನಗಳೂ ಬಂದಿವೆ, ನಿಮ್ಮ ಸಾಲಿನಲ್ಲೇ ನಿಂತಿವೆ ನೋಡಿ ಎಂದು ಮ್ಯಾಲಕಿ ಪ್ರತಿವರ್ಷ ಅದೇ ಉತ್ತರ ಕೊಡುತ್ತಿದ್ದ. ಹಳೆಯ ಮಾತಾದರೂ ಎರಡೂ ಕಡೆಯವರು ಹೊಸದಾಗಿ ನಗುತ್ತಿದ್ದರು.

ಇಪ್ಪತ್ತನಾಲ್ಕರ ವಯಸ್ಸಿನಲ್ಲಿ, ಮೂರು ತಿಂಗಳು ಸುತ್ತಾಡಿಕೊಂಡು ಬರುತ್ತೇನೆ ಎಂದು ನ್ಯೂಯಾರ್ಕಿಗೆ ಬಂದವನು ಅವನು. ಮೂರು ತಿಂಗಳು ಇಪ್ಪತ್ತಮೂರು ವರ್ಷವಾಯಿತು. ಅಲ್ಲಿ ನೆಲೆಸಲು ಬೇಕಾದ ಕಾಗದಪತ್ರ ಮಾತ್ರ ಆಗಲಿಲ್ಲ. ಅದೇ ನಗರದ ಕ್ವೀನ್ಸ್ ಭಾಗದ ವುಡ್‌ಸೈಡ್‌ನಲ್ಲಿ, ತಲೆಯ ಮೇಲೆ ರೈಲು ಗುಡುಗುವ ಬೀದಿಯಲ್ಲಿ, ಹೆಶನ್ಸ್ ಎಂಬ ಪಬ್ ಇದೆ. ಅದರ ಒಡತಿ ಉನಾ ಹೆಶನ್ ಗಂಡ ಸತ್ತ ಮೇಲೆ ಒಬ್ಬಳೇ ನಡೆಸಿಕೊಂಡು ಬಂದವಳು, ಬಾಯಿ ಒರಟು, ಕೈ ಧಾರಾಳ. ಮ್ಯಾಲಕಿ ಅವಳಲ್ಲಿ ಬಿಯರ್ ಸುರಿಯುವ ಕೆಲಸಕ್ಕೆ ಸೇರಿ, ಮೇಲಂತಸ್ತಿನ ಕೋಣೆಯಲ್ಲೇ ಉಳಿದುಕೊಂಡಿದ್ದ. ಹೆಂಡತಿ ಮಕ್ಕಳೆಂದು ಆಗಲಿಲ್ಲ. ಯಾಕೆ ಮದುವೆಯಾಗಲಿಲ್ಲ ಎಂದು ಕೇಳಿದವರಿಗೆ, ಬಾಗಿಲು ಬಡಿದ ಸದ್ದಿಗೆಲ್ಲ ಮಂಚದಡಿ ನುಗ್ಗುವ ಗಂಡ ಯಾರಿಗೆ ಬೇಕು ಅನ್ನುತ್ತಿದ್ದ.

ಊರಿಗೆ ಹೋಗುವಂತಿರಲಿಲ್ಲ. ಒಮ್ಮೆ ಈ ದೇಶ ಬಿಟ್ಟು ಕಾಲು ಹೊರಗಿಟ್ಟರೆ ಹತ್ತು ವರ್ಷ ಒಳಗೆ ಬಿಡುವುದಿಲ್ಲ. ಕ್ಲೂನ್‌ಮೋರ್ ಎಂಬ ಅವನ ಊರಿನಲ್ಲಿ ಅಮ್ಮ ವಿನ್ನಿ, ತಮ್ಮ ಎಂಡಾನ ಮನೆಯಲ್ಲಿ ಇದ್ದಳು. ಪ್ರತಿ ಭಾನುವಾರ ಪ್ರಾರ್ಥನೆ ಮುಗಿಸಿ ಬಂದ ಮೇಲೆ ಅವಳ ಜೊತೆ ಮಾತು. ಮಳೆ ಬಂತೇ, ಹಸು ಕರು ಹಾಕಿತೇ, ಯಾರು ಸತ್ತರು, ಅಲ್ಲಿ ಹಿಮ ಇನ್ನೂ ಕರಗಿಲ್ಲವೇ. ಹತ್ತು ನಿಮಿಷಕ್ಕೆ ಇಬ್ಬರಲ್ಲೂ ಮಾತು ತೀರಿಹೋಗುತ್ತಿತ್ತು. ನಾಲ್ಕು ವರ್ಷದ ಹಿಂದೆ ಅವಳು ತೀರಿಕೊಂಡಾಗ ಮ್ಯಾಲಕಿ ಆ ಊರ ಚರ್ಚಿನ ಕ್ಯಾಮೆರಾ ತೋರಿಸಿದಷ್ಟನ್ನು ಉನಾಳ ಕಂಪ್ಯೂಟರಿನಲ್ಲಿ ನೋಡಿದ. ಕ್ಯಾಮೆರಾ ಬಾಗಿಲ ಮೇಲಿತ್ತು. ಕಂಡದ್ದೆಲ್ಲ ಜನರ ಬೆನ್ನು, ಎಂಡಾನ ಬೋಳಾಗುತ್ತಿದ್ದ ನೆತ್ತಿ, ದೂರದಲ್ಲಿ ಒಂದು ಮರದ ಪೆಟ್ಟಿಗೆ. ಅದು ಮುಗಿದ ಅರ್ಧ ಗಂಟೆಗೆ ಅವನು ಕೆಳಗಿಳಿದು ಪಬ್ಬಿನ ಬಾಗಿಲು ತೆರೆದ. ಉನಾ ಬೇಡವೆಂದರೂ ಕೇಳಲಿಲ್ಲ.

ಈ ವರ್ಷದ ವಿಶೇಷ ಎಂದರೆ ಎಂಡಾ ಬರುತ್ತಿದ್ದ. ಕಳೆದ ಚುನಾವಣೆಯಲ್ಲಿ ಗೆದ್ದು ಕೌಂಟಿಯ ಕೌನ್ಸಿಲರ್ ಆಗಿದ್ದ. ಈ ಹಬ್ಬಕ್ಕೆ ಐರ್ಲೆಂಡಿನ ಪುಢಾರಿಗಳೆಲ್ಲ ಒಂದೊಂದು ಊರು ಹಂಚಿಕೊಂಡು ಹಾರುತ್ತಾರೆ. ಎಂಡಾನ ಪಾಲಿಗೆ ನ್ಯೂಯಾರ್ಕ್ ಬಂದಿತ್ತು. ಲೀಟ್ರಿಮ್‌ನವರ ಮುಂದೆ, ಅಣ್ಣ ಹಿಡಿದ ಬಾವುಟದ ಮುಂದೆ, ಎದೆಗೆ ಹಸಿರು ಪಟ್ಟಿ ಹಾಕಿಕೊಂಡು ಅವನು ನಡೆಯುವುದೆಂದು ತೀರ್ಮಾನವಾಯಿತು. ಮ್ಯಾಲಕಿಗೆ ಹಿಗ್ಗೋ ಹಿಗ್ಗು. ಹದಿನೈದು ದಿನ ಮೊದಲೇ ಸೂಟು ಇಸ್ತ್ರಿ ಮಾಡಿಸಿ ತಂದ. ಸಿಕ್ಕವರಿಗೆಲ್ಲ ಹೇಳಿದ. ಮದುವೆ ಹೆಣ್ಣಿನ ಹಾಗೆ ಕನ್ನಡಿ ಮುಂದೆ ನಿಂತಿದ್ದು ಸಾಕು, ಗ್ಲಾಸು ತೊಳೆಯೋಕೆ ಬಾ ಎಂದು ಉನಾ ಗದರಿದಳು.

ಬಂದವನು ಎರಡು ದಿನ ಕೈಗೇ ಸಿಗಲಿಲ್ಲ. ಹೋಟೆಲಿನ ಹಜಾರದಲ್ಲಿ ಅಣ್ಣನನ್ನು ಅಪ್ಪಿಕೊಂಡ. ಅಪ್ಪಿಕೊಂಡಿರುವಾಗಲೇ ಫೋನ್ ಬಂತು. ಒಂದು ಭೋಜನಕೂಟ, ಒಂದು ಸಂಘದ ಸಭೆ, ಯಾವುದೋ ಕಟ್ಟಡ ಕಂಟ್ರಾಕ್ಟರನ ಮನೆಯ ತಿಂಡಿ. ಮೆರವಣಿಗೆ ಮುಗಿದ ಮೇಲೆ ನಿನ್ನ ಪಬ್ಬಿಗೇ ಬರ್ತೀನಿ, ಅಲ್ಲಿ ಕೂತು ಸಮಾಧಾನವಾಗಿ ಮಾತಾಡೋಣ ಅಂದ. ತಮ್ಮನಿಗೆ ಕೂದಲು ಉದುರಿ ಅಪ್ಪನ ಮುಖವೇ ಬಂದಿದೆ ಎಂಬುದನ್ನು ನೋಡಿಕೊಂಡು ಮ್ಯಾಲಕಿ ರೈಲು ಹತ್ತಿ ವಾಪಸು ಬಂದ.

ಹಬ್ಬದ ಬೆಳಿಗ್ಗೆ ಏಳಕ್ಕೆಲ್ಲ ಹೆಶನ್ಸ್ ತುಂಬಿತ್ತು. ಕಾವಲಿಯ ಮೇಲೆ ಹಂದಿಮಾಂಸದ ಹೋಳು ಚಟಪಟ ಅನ್ನುತ್ತಿತ್ತು. ಸೋಡಾ ಬ್ರೆಡ್ಡಿಗೆ ಬೆಣ್ಣೆ ಬಳಿದು ಬಳಿದು ಉನಾಳ ಕೈ ಸೋತಿತ್ತು. ಎಲ್ಲಿಂದಲೋ ಬಂದ ನಾಲ್ಕು ಮಂದಿ ಕಾಲೇಜು ಹುಡುಗಿಯರು ಹಸಿರು ಪ್ಲಾಸ್ಟಿಕ್ ಟೋಪಿ ಹಾಕಿಕೊಂಡು ಒಳಗೆ ಬಂದು, ಹಸಿರು ಬಿಯರ್ ಇದೆಯಾ ಎಂದು ಕೇಳಿದರು.

"ಹಸಿರು ಬೇಕಿದ್ರೆ ಪಾರ್ಕಿಗೆ ಹೋಗಿ ಮೇಯ್ರಮ್ಮ," ಅಂದಳು ಉನಾ, "ಇಲ್ಲಿ ಮನುಷ್ಯರು ಕುಡಿಯೋದು ಮಾತ್ರ ಸಿಗುತ್ತೆ."

ಇಡೀ ಪಬ್ ಗೊಳ್ಳೆಂದಿತು. ಹುಡುಗಿಯರೂ ನಕ್ಕು, ಕಪ್ಪು ಬಿಯರನ್ನೇ ತೆಗೆದುಕೊಂಡು ಕೂತರು. ಮೂಲೆಯಲ್ಲಿ ಪಿಟೀಲಿನವನು ತಂತಿ ಬಿಗಿಮಾಡುತ್ತಿದ್ದ. ಮ್ಯಾಲಕಿಗೆ ಆ ಬೆಳಗು ಎಷ್ಟು ಚೆನ್ನಾಗಿ ಕಂಡಿತೆಂದರೆ, ಯಾರೋ ಹಿರಿಯರು ನಿನ್ನಮ್ಮ ಇದ್ದಿದ್ದರೆ ಇವತ್ತು ಇಬ್ಬರು ಮಕ್ಕಳನ್ನೂ ನೋಡುತ್ತಿದ್ದಳು ಅಂದಾಗ ಅವನ ಕಣ್ಣು ತುಂಬಿತೇ ಹೊರತು ಮನಸ್ಸು ಮುದುಡಲಿಲ್ಲ.

ಸರದಿ ಬರುವವರೆಗೆ ಲೀಟ್ರಿಮ್‌ನವರು ಕಾಯಬೇಕಾದದ್ದು ನಲವತ್ತೈದನೆಯ ಬೀದಿಯಲ್ಲಿ. ಬಿಸಿಲು ಕಟ್ಟಡಗಳ ತುದಿಯಲ್ಲೇ ನಿಂತುಬಿಟ್ಟಿತ್ತು, ಬೀದಿಯಲ್ಲಿ ಕೊರೆಯುವ ಗಾಳಿ. ಕೊಳಲು ವಾದ್ಯದ ತಂಡಗಳು ಒಂದರ ಮೇಲೊಂದು ಬೇರೆ ಬೇರೆ ರಾಗ ಊದಿಕೊಳ್ಳುತ್ತಿದ್ದವು. ಎಂಡಾ ಲೀಟ್ರಿಮ್ ಸಂಘದ ಅಧ್ಯಕ್ಷರ ಜೊತೆ ಮುಂದುಗಡೆ ಕೈಕುಲುಕುತ್ತಾ ನಿಂತಿದ್ದ. ಊರಿನಿಂದ ಅವನ ತಂಡದ ಜೊತೆ ಬಂದವರಲ್ಲಿ ಡಿಂಪ್ನಾ ಮೆಕ್‌ಗೋವನ್ ಇದ್ದಾಳೆಂದು ಮ್ಯಾಲಕಿಗೆ ಗೊತ್ತಿತ್ತು. ಅವನ ಮನೆಗೂ ಅವಳ ಮನೆಗೂ ನಡುವೆ ಒಂದೇ ಬೇಲಿ. ಅಮ್ಮನ ಜೀವದ ಗೆಳತಿ. ಚಿಕ್ಕಂದಿನಲ್ಲಿ ಅವನು ಅಮ್ಮನ ಕೈಯಲ್ಲಿ ಹೊಡೆತ ತಿಂದು ಓಡುತ್ತಿದ್ದದ್ದು ಡಿಂಪ್ನಾಳ ಅಡುಗೆಮನೆಗೆ. ಈಗ ಎಪ್ಪತ್ತನಾಲ್ಕು ದಾಟಿದ್ದರೂ, ಗೋಡೆಗೊರಗಿ, ಕೈಚೀಲವನ್ನು ಹೊಟ್ಟೆಗೆ ಒತ್ತಿಕೊಂಡು ನೆಟ್ಟಗೆ ನಿಂತಿದ್ದಳು.

ಮ್ಯಾಲಕಿ ಕೋಲನ್ನು ಪಕ್ಕದವನ ಕೈಗೆ ಕೊಟ್ಟು ಎರಡೂ ಕೈ ಚಾಚಿಕೊಂಡು ಹೋದ. ಅವಳು ತನ್ನ ಕೈ ಚೀಲದ ಮೇಲಿಂದ ತೆಗೆಯಲಿಲ್ಲ.

"ಚೆನ್ನಾಗಿದ್ದೀಯ," ಅಂದಳು. ಅದು ಪ್ರಶ್ನೆಯಾಗಿರಲಿಲ್ಲ, ಆಪಾದನೆಯ ಹಾಗಿತ್ತು.

ಅವನು ಪ್ರಯಾಣ ಹೇಗಾಯಿತು, ಮೊಣಕಾಲು ಹೇಗಿದೆ ಎಂದೆಲ್ಲ ವಿಚಾರಿಸಿದ. ಅವಳು ಒಂದೊಂದೇ ಮಾತಿನಲ್ಲಿ ಉತ್ತರಿಸಿ ರಸ್ತೆಯ ಕಡೆ ನೋಡುತ್ತಿದ್ದಳು. ಅಮ್ಮನ ಮಣ್ಣಿಗೆ ಬರಲಾಗಲಿಲ್ಲ, ನೀವೆಲ್ಲ ನಿಂತು ನಡೆಸಿಕೊಟ್ಟಿರಿ, ಅದಕ್ಕೆ ನಾನು ಇವತ್ತಿನವರೆಗೂ ಒಂದು ಮಾತು ಹೇಳಿಲ್ಲ ಎಂದು ಅವನು ತೊದಲಿದ. ಆಗ ಅವಳು ತಿರುಗಿದಳು.

"ಮಣ್ಣಿಗೆ ಬರ್ಲಿಲ್ಲ ಅಂತ ನಾನು ನಿನ್ನ ಬೈಯಲ್ಲ, ಮ್ಯಾಲಕಿ. ಕಾಗದ ಇಲ್ಲದವರ ಪಾಡು ನಮಗೂ ಗೊತ್ತು, ನನ್ನ ಅಕ್ಕನ ಮಗನೂ ಬಾಸ್ಟನ್‌ನಲ್ಲಿ ಹಾಗೇ ಬಿದ್ದಿದ್ದಾನೆ. ಆದ್ರೆ ಅವಳೇ ನಿನ್ನ ಹತ್ರ ಬರ್ತೀನಿ ಅಂತ ಹೊರಟಾಗ ಬೇಡ ಅಂದ್ಯಲ್ಲ, ಅದನ್ನ ಮಾತ್ರ ನಾನು ಸಾಯೋವರೆಗೂ ಮರೆಯಲ್ಲ."

ಮ್ಯಾಲಕಿಗೆ ಅರ್ಥವಾಗಲಿಲ್ಲ. ಯಾರು ಹೊರಟಿದ್ದರು ಎಂದು ಕೇಳಿದ.

"ನಾಟಕ ಆಡ್ಬೇಡ. ಪಾಸ್‌ಪೋರ್ಟಿಗೆ ಫೋಟೋ ತೆಗೆಸೋಕೆ ಕ್ಯಾರಿಕ್ ಪೇಟೆವರೆಗೂ ನನ್ನ ಕಾರಲ್ಲೇ ಕರ್ಕೊಂಡು ಹೋಗಿದ್ದೆ. ಅರವತ್ತಾರು ವರ್ಷದ ಹೆಂಗಸು, ಜೀವಮಾನದಲ್ಲಿ ಒಂದು ವಿಮಾನ ಹತ್ತಿದವಳಲ್ಲ. ನನ್ನ ಮಗ ಆ ದೊಡ್ಡ ರಸ್ತೇಲಿ ಬಾವುಟ ಹಿಡ್ಕೊಂಡು ನಡೀತಾನಂತೆ, ಒಂದ್ಸಲ ನೋಡ್ಬೇಕು ಅಂತ ಹೊಸ ಕೋಟು ಹೊಲಿಸಿದ್ಲು. ಪೆಟ್ಟಿಗೇನೂ ಕಟ್ಟಿದ್ಲು. ಆಮೇಲೆ ನೀನು ಎಂಡಾನ ಹತ್ರ ಹೇಳಿ ಕಳಿಸಿದ್ಯಂತಲ್ಲ, ಜಾಗ ಇಲ್ಲ, ಬರೋದು ಬೇಡ, ಪಬ್ಬಿನ ಮೇಲಿನ ಕೋಣೇಲಿ ಮುದುಕೀನ ಇಟ್ಕೊಂಡು ಏನ್ ಮಾಡ್ಲಿ ಅಂತ."

ಮೇಯೋದವರ ವಾದ್ಯ ಆ ಹೊತ್ತಿಗೆ ಶುರುವಾಯಿತು. ಅವನಿಗೆ ಅದು ಕೇಳಿಸಿತೋ ಇಲ್ಲವೋ. ಹನ್ನೆರಡು ವರ್ಷದ ಹಿಂದಿನ ಒಂದು ಭಾನುವಾರ ಅವನ ಕಣ್ಣ ಮುಂದೆ ನಿಂತಿತ್ತು. ಅಮ್ಮನನ್ನು ಹಬ್ಬಕ್ಕೆ ಕಳಿಸಿಕೊಡು, ಟಿಕೆಟ್ ನಾನು ತೆಗೆಯುತ್ತೇನೆ, ಉನಾ ತನ್ನ ಪಕ್ಕದ ಕೋಣೆ ಬಿಟ್ಟುಕೊಡುತ್ತಾಳೆ ಎಂದು ಎಂಡಾನಿಗೆ ಹೇಳಿದ್ದವನು ಅವನೇ. ಉನಾ ಆ ಕೋಣೆಗೆ ಹೊಸ ಪರದೆಯನ್ನೂ ಹಾಕಿಸಿದ್ದಳು. ವಾರ ಕಳೆದು ಎಂಡಾ ಫೋನ್ ಮಾಡಿದ. ಅಮ್ಮನ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತಿದೆ, ವಿಮಾನ ಹತ್ತಿದರೆ ಜೀವಕ್ಕೆ ಅಪಾಯ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ ಅಂದ. ಇನ್ನೊಂದು ಮಾತನ್ನೂ ಸೇರಿಸಿದ: ಇದರ ಸುದ್ದಿ ಅಮ್ಮನ ಹತ್ತಿರ ಎತ್ತಬೇಡ, ಎತ್ತಿದರೆ ಅಳುತ್ತಾಳೆ. ಮ್ಯಾಲಕಿ ಎತ್ತಲಿಲ್ಲ. ಅಲ್ಲಿಂದ ಮುಂದೆ ಎಂಟು ವರ್ಷ, ಪ್ರತಿ ಭಾನುವಾರ, ಮಳೆ ಬಂತೇ ಹಸು ಕರು ಹಾಕಿತೇ ಎಂದು ಕೇಳಿದ.

ಇದನ್ನೆಲ್ಲ ಅವನು ಡಿಂಪ್ನಾಳಿಗೆ ಹೇಳಿದ ರೀತಿಯಲ್ಲಿ ತಲೆಬುಡ ಇರಲಿಲ್ಲ. ಆದರೂ ಅವಳಿಗೆ ತಿಳಿಯಿತು. ಮುದುಕಿಯ ಮುಖದ ಬಣ್ಣ ಇಳಿಯುತ್ತಾ ಹೋಯಿತು.

"ಎಂಡಾ ಅವಳಿಗೂ ಅದನ್ನೇ ಹೇಳಿದ್ದ," ಅಂದಳು ಕೊನೆಗೆ. "ಫೋನಲ್ಲಿ ಆ ವಿಷಯ ತೆಗೀಬೇಡ, ಮ್ಯಾಲಕಿಗೆ ಮುಜುಗರ ಆಗುತ್ತೆ ಅಂತ. ಅವಳ ಕಾಲಿಗೆ ಏನೂ ಆಗಿರ್ಲಿಲ್ಲ, ಮಗನೆ. ಸಾಯೋ ವರ್ಷದವರೆಗೂ ಬೆಟ್ಟದ ಮೇಲಿನ ಬಾವಿಗೆ ನಡ್ಕೊಂಡು ಹೋಗ್ತಿದ್ಲು."

ಆಮೇಲೆ ಅವಳು ಚೀಲ ಬಿಟ್ಟು ಅವನ ತೋಳು ಹಿಡಿದುಕೊಂಡಳು. ನಾನು ಊರೆಲ್ಲ ನಿನ್ನನ್ನು ಕಲ್ಲೆದೆಯವನು ಎಂದು ಸಾರಿದೆ, ಅಂಗಡಿಯಲ್ಲಿ ಹೇಳಿದೆ, ಚರ್ಚಿನ ಬಾಗಿಲಲ್ಲಿ ಹೇಳಿದೆ, ಈಗ ಯಾವ ಬಾಯಲ್ಲಿ ತಿರುಗಿಸಲಿ ಅಂದಳು. ಅವನು ಪರವಾಗಿಲ್ಲ ಅಂದ. ಅಷ್ಟರಲ್ಲಿ ಪಟ್ಟಿ ಹಾಕಿಕೊಂಡ ಮೇಲ್ವಿಚಾರಕನೊಬ್ಬ ಲೀಟ್ರಿಮ್, ಲೀಟ್ರಿಮ್ ಎಂದು ಕೂಗಿಕೊಂಡು ಬಂದ. ಕೋಲು ಹಿಡಿದಿದ್ದವನು ಅದನ್ನು ಮ್ಯಾಲಕಿಯ ಕೈಗೆ ಕೊಟ್ಟು ತನ್ನ ಸಾಲಿಗೆ ಓಡಿದ.

ಬಿಟ್ಟು ಹೋಗಬಹುದಿತ್ತು. ಹಾಗೆಂದು ಅವನು ಆಮೇಲೆ ಎಷ್ಟೋ ಸಲ ಯೋಚಿಸಿದ. ಆದರೆ ಒಂದು ಕೋಲು ಬಿಟ್ಟರೆ ಬಾವುಟ ನೆಲಕ್ಕೆ ಬೀಳುತ್ತದೆ, ಇನ್ನೊಂದು ಕೋಲು ಹಿಡಿದವನು ಅರವತ್ತು ದಾಟಿದ ಬಡಗಿ. ಮ್ಯಾಲಕಿ ನಡೆದ. ಮೂರು ಹೆಜ್ಜೆ ಮುಂದೆ ಎಂಡಾ ಇದ್ದ. ಅವನ ನೆತ್ತಿ, ಚರ್ಚಿನ ಕ್ಯಾಮೆರಾದಲ್ಲಿ ಕಂಡ ಅದೇ ನೆತ್ತಿ, ಬಿಸಿಲಿಗೆ ಹೊಳೆಯುತ್ತಿತ್ತು. ಅವನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕೈ ಬೀಸುತ್ತಿದ್ದ. ಜನ ಅವನನ್ನು ಯಾರೆಂದು ತಿಳಿಯದೆಯೇ ಕೂಗಿ ಕೈ ಬೀಸಿದರು. ರಸ್ತೆಗೆ ಬಳಿದಿದ್ದ ಹಸಿರು ಗೆರೆ ಎಂಡಾನ ಎರಡು ಬೂಟುಗಳ ನಡುವೆ ಓಡುತ್ತಿತ್ತು.

ಕೆಥೆಡ್ರಲ್ ಎಂಬ ದೊಡ್ಡ ಚರ್ಚಿನ ಮುಂದೆ ಮೆರವಣಿಗೆ ನಿಧಾನವಾಯಿತು. ಮೆಟ್ಟಿಲ ಮೇಲೆ ಕೆಂಪು ಟೋಪಿಯ ಹಿರಿಯ ಪಾದ್ರಿ ನಿಂತು ಎಲ್ಲರನ್ನೂ ಹರಸುತ್ತಿದ್ದರು. ಎಂಡಾ ಹೋಗಿ ಅವರ ಕೈ ಕುಲುಕಿದ, ಹಿಂದೆ ತಿರುಗಿ ಅಣ್ಣನ ಕಡೆ ಬೆರಳು ತೋರಿಸಿ ಏನೋ ಹೇಳಿದ. ಪಾದ್ರಿ ಮ್ಯಾಲಕಿಯನ್ನು ನೋಡಿ ತಲೆದೂಗಿ ನಕ್ಕರು. ಪ್ರತಿವರ್ಷ ಈ ಜಾಗದಲ್ಲಿ ಮ್ಯಾಲಕಿ ಬಾವುಟವನ್ನು ಇನ್ನಷ್ಟು ಎತ್ತಿ ಹಿಡಿಯುತ್ತಿದ್ದ. ಈ ಸಲ ಅವನಿಗೆ ಅನ್ನಿಸಿದ್ದು ಒಂದೇ: ಅಮ್ಮ ಎಲ್ಲಿ ನಿಲ್ಲುತ್ತಿದ್ದಳು? ಮೆಟ್ಟಿಲ ಪಕ್ಕದಲ್ಲೇ ಉನಾ ಯಾರಿಗಾದರೂ ಹೇಳಿ ಜಾಗ ಕೊಡಿಸುತ್ತಿದ್ದಳು. ಆ ಮೂಲೆಯಲ್ಲಿ ಈಗ ಯಾರೋ ಹೆಂಗಸು ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದಳು. ಒಬ್ಬ ಪೊಲೀಸ್ ಅಧಿಕಾರಿ ಬಾವುಟಕ್ಕೆ ಸಲ್ಯೂಟ್ ಹೊಡೆದ. ಪಾರ್ಕಿನ ಬದಿಯಲ್ಲಿ ಗಾಳಿ ಎದ್ದು ಬಾವುಟ ಉಬ್ಬಿತು. ಕೈ ಸೀಳಿಹೋಗುವಂತೆ ಕೋಲು ಎಳೆಯಿತು. ಅಂದು ಅದೊಂದೇ ಅವನಿಗೆ ಸಮಾಧಾನ ಕೊಟ್ಟ ಸಂಗತಿ. ಎಪ್ಪತ್ತೊಂಬತ್ತನೆಯ ಬೀದಿಯಲ್ಲಿ ಮೆರವಣಿಗೆ ಮುಗಿಯುವವರೆಗೂ ಅವನು ಕೋಲು ಸಡಿಲಿಸಲಿಲ್ಲ.

ಮಧ್ಯಾಹ್ನ ಮೂರೂವರೆಗೆ ಹೆಶನ್ಸ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಿಟೀಲಿನ ಜೊತೆಗೆ ಅಕಾರ್ಡಿಯನ್ ಸೇರಿತ್ತು, ಮೇಜುಗಳನ್ನು ಗೋಡೆಗೆ ತಳ್ಳಿ ಮೇಯೋದವರೂ ಲೀಟ್ರಿಮ್‌ನವರೂ ಕುಣಿಯುತ್ತಿದ್ದರು. ಮ್ಯಾಲಕಿ ಕೋಟು ಕಳಚಿ, ತೋಳು ಮಡಚಿ, ಸೀದಾ ಕೌಂಟರಿನ ಹಿಂದೆ ಹೋಗಿ ನಿಂತ. ಗ್ಲಾಸನ್ನು ಓರೆಯಾಗಿ ಹಿಡಿದು ಮುಕ್ಕಾಲು ತುಂಬಿಸುವುದು, ನೊರೆ ಕೂರಲು ಬಿಡುವುದು, ಮತ್ತೆ ತುಂಬಿಸುವುದು. ಆರು ಗ್ಲಾಸು, ಹನ್ನೆರಡು ಗ್ಲಾಸು. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು. ನಿನಗೇನಾಗಿದೆ, ಸತ್ತವನ ಹಾಗೆ ಕಾಣ್ತೀಯ ಎಂದು ಉನಾ ಕೇಳಿದಾಗ ತಲೆನೋವು ಅಂದ.

ಎಂಡಾ ತನ್ನ ತಂಡದ ಜೊತೆ ಬಂದ. ಬಾಗಿಲಿನಿಂದ ಕೌಂಟರಿಗೆ ತಲುಪುವಷ್ಟರಲ್ಲಿ ಹತ್ತು ಮಂದಿ ಅವನ ಬೆನ್ನು ತಟ್ಟಿದ್ದರು. ಡಿಂಪ್ನಾ ಅವರ ಜೊತೆ ಬರಲಿಲ್ಲ. ಸುಸ್ತಾಗಿದೆ ಎಂದು ಹೋಟೆಲಿಗೆ ಹೋದಳಂತೆ. ಪೀಪಾಯಿ ಬದಲಿಸಬೇಕು, ಬಾ ಕೈಕೊಡು ಎಂದು ಮ್ಯಾಲಕಿ ತಮ್ಮನನ್ನು ಕರೆದ. ಕೌನ್ಸಿಲರ್‌ನ ಕೈಲಿ ಪೀಪಾಯಿ ಹೊರಿಸ್ತಾನೆ ನೋಡ್ರಪ್ಪ ಎಂದು ಯಾರೋ ನಕ್ಕರು. ಎಂಡಾನೂ ನಗುತ್ತಲೇ ಅವನ ಹಿಂದೆ ನೆಲಮಾಳಿಗೆಗೆ ಇಳಿದ.

ಮೇಲೆ ಕುಣಿತದ ಸದ್ದು ಧಪಧಪ ಎಂದು ಕೇಳುತ್ತಿತ್ತು. ಮ್ಯಾಲಕಿ ಪೀಪಾಯಿಯನ್ನು ಮುಟ್ಟಲಿಲ್ಲ.

"ಅಮ್ಮನ ಕಾಲಿಗೆ ಏನಾಗಿತ್ತು ಎಂಡಾ?"

 ಡಿಂಪ್ನಾ ಹೇಳಿದಳಾ ಎಂದು ಎಂಡಾ ತನ್ನಷ್ಟಕ್ಕೆ ಅಂದುಕೊಂಡ. ಆಮೇಲೆ, ಇವತ್ತು ಹಬ್ಬದ ದಿನ, ನಾಳೆ ಮಾತಾಡೋಣ ಅಂದ. ನಾಳೆ ಮಧ್ಯಾಹ್ನ ನಿನ್ನ ವಿಮಾನ ಎಂದು ಮ್ಯಾಲಕಿ ನೆನಪಿಸಿದ. ಎಂಡಾ ಗೋಡೆಯ ಪಕ್ಕದ ಮರದ ಪೆಟ್ಟಿಗೆಯ ಮೇಲೆ ಕೂತ. ಸುಳ್ಳು ಹೇಳಲಿಲ್ಲ. ಅಷ್ಟರ ಮಟ್ಟಿಗೆ ಅವನನ್ನು ಮೆಚ್ಚಬೇಕು. ಆಗ ಮೂರು ಮಕ್ಕಳು ಸಣ್ಣವು, ಹೆಂಡತಿ ಆಸ್ಪತ್ರೆಯ ಪಾಳಿಗೆ ಹೋಗುತ್ತಿದ್ದಳು, ತಾನು ಕಟ್ಟಡದ ಕೆಲಸಕ್ಕೆ ಬೆಳಿಗ್ಗೆ ಆರಕ್ಕೇ ಹೊರಡುತ್ತಿದ್ದ. ಅಮ್ಮ ಒಂದು ತಿಂಗಳು ಎಂದು ಹೋದರೆ ಮಕ್ಕಳನ್ನು ನೋಡುವವರು ಯಾರು? ಒಂದು ತಿಂಗಳು ಎಂದು ಹೋದವರು ವಾಪಸು ಬರುತ್ತಾರೆಂದು ಏನು ನಂಬಿಕೆ?

"ನೀನೂ ಮೂರು ತಿಂಗಳು ಅಂತಲೇ ಹೋದವನು," ಅಂದ.

"ಅದಕ್ಕೆ ನಾನು ಬೇಡ ಅಂದೆ ಅಂತ ಹೇಳಿದ್ಯಾ?"

"ಬೇರೆ ಏನ್ ಹೇಳಿದ್ರೂ ಅವಳು ನಿಲ್ತಿರ್ಲಿಲ್ಲ. ನಾನು ಬೇಡ ಅಂದ್ರೆ ನನ್ನ ಮಾತು ಕೇಳ್ತಿದ್ಲಾ? ಯಾವತ್ತಾದ್ರೂ ಕೇಳಿದ್ಲಾ? ಮನೇಲಿದ್ದು ಸೌದೆ ಒಡೆದವನು ನಾನು, ಅವಳನ್ನ ಡಾಕ್ಟರ್ ಹತ್ರ ಕರ್ಕೊಂಡು ಹೋದವನು ನಾನು. ಗೋಡೆ ಮೇಲೆ ಫೋಟೋ ಮಾತ್ರ ನಿಂದು. ಬಾವುಟ ಹಿಡ್ಕೊಂಡಿರೋ ಫೋಟೋ. ಬಂದವರಿಗೆಲ್ಲ ಅದನ್ನೇ ತೋರಿಸೋಳು."

 ಹೊಡೆಯಬೇಕೆಂದು ಮ್ಯಾಲಕಿಗೆ ಅನ್ನಿಸಿತ್ತು. ಇಳಿಯುವಾಗ ಹಾಗೆಂದೇ ಇಳಿದಿದ್ದ. ಆದರೆ ಎದುರಿಗೆ ಕೂತಿದ್ದವನ ಮುಖ ಅಪ್ಪನದಾಗಿತ್ತು, ಕಣ್ಣು ಮಾತ್ರ ಏಳು ವರ್ಷದ ಹುಡುಗನದು. ಅಮ್ಮನಿಗೆ ಆ ಮಾತು ಹೇಳಿದಾಗ ಅವಳು ಏನು ಅಂದಳು ಎಂದು ಕೇಳಿದ.

"ಏನೂ ಅನ್ಲಿಲ್ಲ. ಪೆಟ್ಟಿಗೆ ಬಿಚ್ಚಿ ಬಟ್ಟೆ ಎಲ್ಲ ತೆಗೆದಿಟ್ಲು. ಆಮೇಲೆ ಒಲೆ ಮೇಲೆ ಆಲೂಗಡ್ಡೆ ಇಟ್ಲು."

"ಪಾಸ್‌ಪೋರ್ಟ್ ಎಲ್ಲಿದೆ?"

ಅವಳ ಕೋಣೆ ಖಾಲಿ ಮಾಡುವಾಗ ಹಳೆಯ ಕಾಗದಗಳ ಜೊತೆ ಸುಟ್ಟುಹಾಕಿದೆವು, ಅವಧಿ ಮುಗಿಯುತ್ತಾ ಬಂದಿತ್ತು, ಯಾರಿಗೆ ಬೇಕಾಗುತ್ತದೆ ಅಂದುಕೊಂಡೆವು ಎಂದ ಎಂಡಾ. ಕೋಟು? ಕೋಟನ್ನು ಯಾವುದೋ ಧರ್ಮಸಂಸ್ಥೆಗೆ ಕೊಟ್ಟಾಯಿತು. ಒಳ್ಳೆಯ ಕೋಟು, ಹಾಕಿಕೊಂಡೇ ಇರಲಿಲ್ಲ.

ಎಂಡಾ ಎದ್ದ. ಅವನ ಕಣ್ಣಲ್ಲೂ ನೀರಿತ್ತು, ಅದನ್ನು ಪಟ್ಟಿಯ ತುದಿಯಿಂದ ಒರೆಸಿಕೊಂಡ. ಸಿಟ್ಟು ಮಾಡಿಕೊಂಡಾದರೂ ಅವಳು ಚೆನ್ನಾಗಿಯೇ ಬದುಕಿದಳು, ನಿನ್ನನ್ನು ಈ ಮಾಳಿಗೆಯಲ್ಲಿ, ಈ ಸ್ಥಿತಿಯಲ್ಲಿ ನೋಡಿದ್ದರೆ ದಿನಾ ಚಿಂತೆಯಲ್ಲೇ ಕೊರಗುತ್ತಿದ್ದಳು, ಅದನ್ನೂ ಯೋಚನೆ ಮಾಡು ಅಂದ. ಆಮೇಲೆ ಮೆಟ್ಟಿಲು ಹತ್ತಿದ. ಮ್ಯಾಲಕಿ ಪೀಪಾಯಿ ಬದಲಿಸಿದ, ಕೊಳವೆ ಬಿಗಿದ, ಕೈ ತೊಳೆದುಕೊಂಡು ಮೇಲೆ ಹೋದ.

ಅಷ್ಟರಲ್ಲಿ ಸಂಗೀತ ನಿಲ್ಲಿಸಿ ಎಂಡಾನನ್ನು ಕುರ್ಚಿಯ ಮೇಲೆ ಹತ್ತಿಸಿದ್ದರು. ಅವನು ಮಾತಾಡಿದ. ಚೆನ್ನಾಗಿಯೇ ಮಾತಾಡಿದ. ದೂರದಲ್ಲಿದ್ದೂ ತಾಯಿಬೇರು ಮರೆಯದ ಮಕ್ಕಳು ಅಂದ, ನನ್ನ ಅಣ್ಣ ಅಂದ, ನಮ್ಮ ಅಮ್ಮ ಇದ್ದಿದ್ದರೆ ಅಂದ. ಅಲ್ಲಿ ಪಟ್ಟಿಯ ತುದಿಯನ್ನು ಮತ್ತೆ ಕಣ್ಣಿಗೊತ್ತಿಕೊಂಡ. ಉನಾ ಏಪ್ರನ್ನಿನಿಂದ ಮೂಗು ಒರೆಸಿಕೊಂಡಳು. ಊರಿನ ಪತ್ರಿಕೆಯಿಂದ ಬಂದಿದ್ದ ಫೋಟೋದವನು ಅಣ್ಣ ತಮ್ಮ ಒಟ್ಟಿಗೆ ಬನ್ನಿ ಎಂದು ಕರೆದ. ಜನ ಮ್ಯಾಲಕಿಯನ್ನು ಕೌಂಟರಿನ ಹಿಂದಿನಿಂದ ಎಳೆದು ತಂದು ನಿಲ್ಲಿಸಿದರು. ಎಂಡಾ ಅವನ ಹೆಗಲ ಮೇಲೆ ಕೈ ಹಾಕಿದ.  ಇಡೀ ಪಬ್ ನೋಡುತ್ತಿತ್ತು. ಹೇಳಿಬಿಡಬಹುದಿತ್ತು. ನೂರು ಜನರ ಮುಂದೆ, ಅವನ ಪಟ್ಟಿ ಹಿಡಿದು ಹೇಳಿದ್ದರೆ ಮೂರು ದಿನದಲ್ಲಿ ಲೀಟ್ರಿಮ್‌ಗೆಲ್ಲ ಮುಟ್ಟುತ್ತಿತ್ತು. ಆದರೆ ಹೇಳುವುದಾದರೆ ಅಮ್ಮ ಆಲೂಗಡ್ಡೆ ಒಲೆಗಿಟ್ಟದ್ದನ್ನೂ ಹೇಳಬೇಕು. ಅದನ್ನು ಈ ಗದ್ದಲದಲ್ಲಿ, ಹಸಿರು ಟೋಪಿಯ ಹುಡುಗಿಯರ ಮುಂದೆ ಹೇಳಲು ಅವನಿಗೆ ಮನಸ್ಸು ಬರಲಿಲ್ಲ. ನಗಪ್ಪಾ ಎಂದು ಫೋಟೋದವನು ಅಂದ. ಮ್ಯಾಲಕಿ ಹಲ್ಲು ಕಾಣುವ ಹಾಗೆ ಬಾಯಿ ತೆರೆದ.

ಮೂರು ವಾರದ ಮೇಲೆ ಪತ್ರಿಕೆಯ ಆ ಹಾಳೆ ಅಂಚೆಯಲ್ಲಿ ಬಂತು. ಸಂಘದ ಅಧ್ಯಕ್ಷರು ಉನಾಳಿಗೆ ಕಳಿಸಿದ್ದರು. ಇಪ್ಪತ್ತಮೂರು ವರ್ಷದ ಮೇಲೆ ಒಂದಾದ ಸಹೋದರರು ಎಂದು ದಪ್ಪ ಅಕ್ಷರದಲ್ಲಿತ್ತು. ಉನಾ ಅದಕ್ಕೆ ಕಟ್ಟು ಹಾಕಿಸಿ ಕೌಂಟರಿನ ಹಿಂದೆ, ಬಾಟಲಿಗಳ ಮೇಲೆ ತೂಗುಹಾಕಿದಳು. ಬಂದವರೆಲ್ಲ ನೋಡಿ, ಎಷ್ಟು ಹೋಲ್ತೀರಪ್ಪ ಇಬ್ಬರೂ ಅನ್ನುತ್ತಿದ್ದರು. ಮ್ಯಾಲಕಿ ಹೂಂ ಅನ್ನುತ್ತಿದ್ದ. ಡಿಂಪ್ನಾ ಒಂದು ಕಾಗದ ಬರೆದಳು. ಅಂಗಡಿಯಲ್ಲೂ ಚರ್ಚಿನ ಬಾಗಿಲಲ್ಲೂ ನಿಜ ಹೇಳಲು ನೋಡಿದೆ, ಕೇಳಿದವರು ಮುದುಕಿಗೆ ಅರಳುಮರಳು ಅಂದರು, ಕೌನ್ಸಿಲರ್ ಬಗ್ಗೆ ಹಾಗೆಲ್ಲ ಮಾತಾಡಬಾರದು ಅಂದರು ಎಂದಿತ್ತು ಅದರಲ್ಲಿ.

ಮೇ ತಿಂಗಳ ಒಂದು ಮಂಗಳವಾರ ಮಧ್ಯಾಹ್ನ, ಪಬ್ಬಿನಲ್ಲಿ ಒಂದು ನರಪಿಳ್ಳೆಯೂ ಇಲ್ಲದಾಗ, ಮ್ಯಾಲಕಿ ಸ್ಟೂಲಿನ ಮೇಲೆ ಹತ್ತಿ ಆ ಫೋಟೋ ಕೆಳಗಿಳಿಸಿದ. ಉನಾ ಏನೆಂದು ಕೇಳಿದಳು. ಕೌಂಟರಿನ ಮೇಲೆ ಅದನ್ನು ಬೋರಲು ಹಾಕಿ, ಅವನು ಎಲ್ಲವನ್ನೂ ಹೇಳಿದ. ಹೊಸ ಪರದೆ ಹಾಕಿಸಿದ ಕೋಣೆಯ ಮಾತು ಬಂದಾಗ ಉನಾ ಒರೆಸುತ್ತಿದ್ದ ಗ್ಲಾಸನ್ನು ಕೆಳಗಿಟ್ಟಳು.  ತಲೆಯ ಮೇಲೆ ಎರಡು ರೈಲು ಹೋದವು.

"ಅವಳು ಬರ್ಲಿಲ್ಲ ಅಂತ ನಾನೂ ಬೈಕೊಂಡಿದ್ದೆ ಕಣೋ," ಅಂದಳು ಉನಾ. "ಎಂಥ ತಾಯಿ ಇವಳು, ಮಗ ಕರೆದ್ರೂ ಬರ್ಲಿಲ್ಲ ಅಂತ."

 ಆಮೇಲೆ, ಫೋಟೋವನ್ನು ಕಸದ ಡಬ್ಬಿಗೆ ಹಾಕಲೇ ಎಂದು ಕೇಳಿದಳು. ಬೇಡ, ಕಟ್ಟು ಚೆನ್ನಾಗಿದೆ, ಬೇರೆ ಯಾವುದಕ್ಕಾದರೂ ಆಗುತ್ತದೆ ಎಂದು ಅವನು ಅಂದ. ಹಿಂದಿನ ಮೊಳೆಗಳನ್ನು ಒಂದೊಂದಾಗಿ ಬಿಡಿಸಿ ಹಾಳೆಯನ್ನು ಹೊರತೆಗೆಯತೊಡಗಿದ. ಅಷ್ಟರಲ್ಲಿ ಯಾರೋ ಇಬ್ಬರು ಬಾಗಿಲು ತಳ್ಳಿಕೊಂಡು ಒಳಗೆ ಬಂದರು. ಅವನು ಎದ್ದು, ಏನು ಕೊಡಲಿ ಎಂದು ಕೇಳಿದ.